ಅಂಜಲೈಯಕ್ಕ ಕಟ್ಟಿದ ಹಸುಗಳು

ನಾವು ಈ ಊರಿಗೆ ಬಂದ ಮಾರನೆಯ ಬೆಳಿಗ್ಗೆಯೇ ನೆಲ ನಡುಗಿತು. ನಾನು ಒಲೆಯ ಮುಂದೆ ಕೂತು ಹಸಿ ಕಟ್ಟಿಗೆ ಊದುತ್ತಿದ್ದೆ. ಕಾಲ ಕೆಳಗೆ, ಎಲ್ಲೋ ಬಹಳ ಆಳದಲ್ಲಿ, ಯಾರೋ ದೊಡ್ಡ ಬಾಗಿಲು ಹಾಕಿದ ಹಾಗೆ ಸದ್ದಾಯಿತು. ಗೋಡೆಗೆ ಆನಿಸಿಟ್ಟ ಗಂಗಾಳಗಳು ಜಾರಿ ಬಿದ್ದವು. ತಗಡಿನ ಮಾಡು ಗಲಗಲ ಅಂದಿತು. ನಾನು ತಲೆಯ ಮೇಲಿನ ಸೆರಗನ್ನೂ ಮರೆತು ಹೊರಗೆ ಓಡಿದೆ.

ಹೊರಗೆ ಕಂಡದ್ದು ನಡುಕಕ್ಕಿಂತ ಹೆಚ್ಚು ಹೆದರಿಸಿತು. ಗಣಿಯವರು ಕೂಲಿಯವರಿಗಾಗಿ ಸಾಲಾಗಿ ಕಟ್ಟಿಸಿದ ಮನೆಗಳಿಗೆ ಇಲ್ಲಿ ‘ಲೈನು’ ಎನ್ನುತ್ತಾರೆ. ನಮ್ಮ ಲೈನಿನ ಹೆಂಗಸರೆಲ್ಲ ಬೀದಿಗೆ ಬಂದು ನಿಂತಿದ್ದರು. ಒಬ್ಬರೂ ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಎಲ್ಲರ ಮುಖವೂ ಶಾಫ್ಟಿನ ಕಡೆಗಿತ್ತು. ಶಾಫ್ಟು ಎಂದರೆ ಗಣಿಯ ಬಾವಿ. ಅದರ ನೆತ್ತಿಯ ಮೇಲೆ ಕಬ್ಬಿಣದ ಗೋಪುರ, ಗೋಪುರದ ಮೇಲೆ ದೊಡ್ಡ ಗಾಲಿ. ಆ ಗಾಲಿ ತಿರುಗುತ್ತದೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಾಲಿ ತಿರುಗಿತು. ಏನೂ ಆಗಿಲ್ಲವೆನ್ನುವಂತೆ ಒಬ್ಬೊಬ್ಬರೇ ಒಳಗೆ ಹೋದರು.

ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. ಅಗಲ ಹಣೆಯ, ಗಟ್ಟಿ ದನಿಯ ಹೆಂಗಸು.

“ಬಯಪ್ಪಡಬೇಡ ತಂಗಚ್ಚಿ. ಕೆಳಗೆ ಕಲ್ಲು ಸಿಡಿಯೋದು. ಒಳಗೆಲ್ಲಾ ಟೊಳ್ಳು ಮಾಡವ್ರಲ್ಲ, ಮೇಲಿನ ಬಾರ ತಡೀದೆ ಒಡೀತದೆ. ನಿನ್ನ ಗಂಡ ಇವತ್ತು ಇಳಿದಿಲ್ಲ ತಾನೆ? ಅಂಗಾದ್ರೆ ಇದು ನೀನು ಎದರೋ ದಿನ ಅಲ್ಲ.”

ತಂಗಚ್ಚಿ ಎಂದರೆ ತಮಿಳಿನಲ್ಲಿ ತಂಗಿ. ಈ ಊರಲ್ಲಿ ನನ್ನನ್ನು ಯಾರೋ ಸಂಬಂಧ ಕಟ್ಟಿ ಕರೆದದ್ದು ಅದೇ ಮೊದಲು. ಆಕೆಯ ಹೆಸರು ಅಂಜಲೈ. ಅವತ್ತಿನಿಂದ ನನಗೆ ಅಂಜಲೈಯಕ್ಕ.

ಅದೇ ಮಧ್ಯಾಹ್ನ ನಮ್ಮವರು ಕೆಲಸಕ್ಕೆ ಹೆಸರು ಬರೆಸಿ ಬಂದರು. ಗುಮಾಸ್ತ ಕೇಳಿದ ಪ್ರಶ್ನೆಯನ್ನು ನಗುತ್ತಲೇ ಹೇಳಿದರು, ಆದರೆ ಆ ನಗು ನೆಟ್ಟಗಿರಲಿಲ್ಲ. “ಊರು ಕೇಳಿದ, ತಂದೀ ಹೆಸರು ಕೇಳಿದ. ಆಮ್ಯಾಲ, ಸತ್ರ ರೊಕ್ಕ ಯಾರಿಗೆ ಕೊಡಬೇಕು ಅಂದ. ನಾ ಗಾಬರಿ ಆಗಿ ಸುಮ್ಮನ ನಿಂತೆ. ‘ಬೇಗ ಹೇಳಯ್ಯಾ, ಹಿಂದೆ ಜನ ಕಾಯ್ತಾವ್ರೆ’ ಅಂದ. ನಿನ್ನ ಹೆಸರು ಹೇಳಿ ಬಂದೀನಿ.”

ನಮಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ.

ನಮ್ಮದು ಗುಳೇದಗುಡ್ಡ. ನಮ್ಮವರು ಮಗ್ಗ ಮಾಡುವ ಬಡಗಿಗಳ ಮನೆಯವರು. ಗಿರಣಿ ಬಟ್ಟೆ ಬಂದು ಮಗ್ಗಗಳು ಒಂದೊಂದಾಗಿ ಸುಮ್ಮನಾದಾಗ ಮಗ್ಗ ಮಾಡುವವರಿಗೇನು ಕೆಲಸ? ಯಾರೋ ಹೇಳಿದರು, ಕೋಲಾರದ ಬಂಗಾರದ ಗಣಿಯಲ್ಲಿ ಬಡಗಿಗಳು ಬೇಕು, ಸುರಂಗ ಕುಸಿಯದಂತೆ ಮರದ ಆಸರೆ ಕೊಡುವ ಕೆಲಸ ಎಂದು. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ರೈಲಿನವರು ಬೌರಿಂಗ್‌ಪೇಟೆಯೆಂದು ಹಲಗೆ ಬರೆಸಿ ಜನ ಬಂಗಾರಪೇಟೆ ಎನ್ನುವ ಊರು, ಅಲ್ಲಿ ಇಳಿದು ಗಣಿಯ ರೈಲು. ಐದು ವರ್ಷ ದುಡಿದು ವಾಪಸು ಹೋಗಿ ಸ್ವಂತ ಕಾರ್ಖಾನೆ ಹಾಕುವುದೆಂದು ಮಾತಾಗಿತ್ತು. ರೈಲಿನ ಕಿಟಕಿಯಿಂದ ಬಿಳಿಚಿದ ಬೂದಿ ಬಣ್ಣದ ಗುಡ್ಡಗಳು ಕಂಡಾಗ, ಹುಲ್ಲುಕಡ್ಡಿಯೂ ಇಲ್ಲದ ಅವೆಂಥ ಗುಡ್ಡ ಎಂದು ಕೇಳಿದ್ದೆ. ಚಿನ್ನ ತೆಗೆದುಕೊಂಡು ಬಿಸಾಕಿದ ಕಲ್ಲಿನ ಪುಡಿಯಂತೆ. ದೇವರು ಮಾಡಿದ ಗುಡ್ಡವಲ್ಲ ಎಂದು ತಿಳಿದ ಮೇಲೆ ಅವುಗಳ ಕಡೆ ನೋಡಲು ಭಯವಾಗುತ್ತಿತ್ತು.

ಮೊದಮೊದಲು ಎಲ್ಲವೂ ಹಾಗೆಯೇ. ಪಾಳಿ ಬದಲಾಗುವಾಗ ಕೂಗುವ ಸೈರನ್ನಿಗೆ ಇಲ್ಲಿಯವರು ‘ಸಂಗು’ ಎನ್ನುತ್ತಾರೆ, ತಮಿಳಿನಲ್ಲಿ ಶಂಖ. ನಮ್ಮಲ್ಲಿ ಶಂಖ ಊದುವುದು ದೇವರ ಮುಂದೆ, ಇಲ್ಲಿ ಅದು ಗಂಡಸರನ್ನು ನೆಲದೊಳಗೆ ಕರೆಯುತ್ತದೆ. ನಲ್ಲಿ ತಿರುಗಿಸಿದರೆ ಬೇತಮಂಗಲದ ಕೆರೆಯ ನೀರು ಮನೆಯ ಹತ್ತಿರಕ್ಕೇ ಬರುತ್ತದೆ. ಬಾವಿಯಿಂದ ಸೇದಿ ಕೈ ಜಡ್ಡುಗಟ್ಟಿದ್ದ ನನಗೆ ಅದೊಂದು ದೊಡ್ಡ ಸುಖ. ಆದರೆ ಬಾವಿಕಟ್ಟೆಯ ಮಾತಿಲ್ಲ. ಇಲ್ಲಿ ಒಬ್ಬರೊಡನೆ ತಮಿಳು, ಇನ್ನೊಬ್ಬರೊಡನೆ ತೆಲುಗು. ಕನ್ನಡವೂ ನನ್ನ ಕನ್ನಡವಲ್ಲ.

ಬಂಗಾರಪೇಟೆಯ ಕಡೆಯ ಹಳ್ಳಿಯಿಂದ ಯಲ್ಲಮ್ಮ ಎನ್ನುವ ಒಕ್ಕಲಿನಾಕೆ ಬೆಳಗಿನ ಗಾಡಿಗೆ ಹಾಲು ತರುತ್ತಿದ್ದಳು. ಒಂದು ದಿನ ನನ್ನ ಬಸುರಿ ಹೊಟ್ಟೆ ನೋಡಿ, “ನಿಂಗೂ ಒಂದು ಅಸು ಕೊಡುಸ್ತೀನಿ ಕಣಮ್ಮೋ, ಚಿಂತೆ ಮಾಡ್ಬೇಡ,” ಎಂದಳು. ನಮ್ಮ ಕಡೆ ಆಕಳು ಅನ್ನುತ್ತೇವೆ. ಹಸು ಅನ್ನುವುದನ್ನು ಓದಿ ಬಲ್ಲೆ. ಆದರೆ ಹಕಾರವಿಲ್ಲದ ‘ಅಸು’ ನನಗೆ ಪುಸ್ತಕದ ಅಸು, ಪ್ರಾಣ. ಜೀವ ಕೊಡಿಸುತ್ತೇನೆ ಎನ್ನುತ್ತಾಳಲ್ಲ ಈ ಹೆಂಗಸು ಎಂದು ಬೆಪ್ಪಾಗಿ ನಿಂತೆ. ಅಂಜಲೈಯಕ್ಕ ‘ಅಂಬಾ’ ಎಂದು ಕೂಗಿ ತೋರಿಸಿದ ಮೇಲೆ ಮೂವರೂ ನಕ್ಕೆವು. ಈ ಊರಿನಲ್ಲಿ ನಾನು ಬಾಯಿ ತುಂಬ ನಕ್ಕದ್ದು ಆವತ್ತೇ ಮೊದಲು.

ಆದರೆ ನನ್ನನ್ನು ನಿಜಕ್ಕೂ ಬೆಚ್ಚಿಸಿದ್ದು ಇಲ್ಲಿಯ ವಯಸ್ಸು. ಸಂಜೆ ಬಾಗಿಲುಗಳಲ್ಲಿ ಬೆನ್ನು ಬಗ್ಗಿದ ಗಂಡಸರು ಕೂತು ಕೆಮ್ಮುತ್ತಿದ್ದರು. ಒಮ್ಮೆ ಅಂಜಲೈಯಕ್ಕನನ್ನು ಕೇಳಿದೆ, “ಎದುರು ಮನೆಯ ಆ ಅಜ್ಜ ಯಾರು? ಒಬ್ಬರೇ ಇರುತ್ತಾರಲ್ಲ?”

“ಅಜ್ಜನಾ?” ಎಂದಳು. “ಅವನು ನಮ್ಮಣ್ಣ. ನನಗಿಂತ ಎರಡು ವರ್ಷ ದೊಡ್ಡವನು.”

ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಕಲ್ಲಿನ ದೂಳು ಎದೆಗೆ ಕೂತರೆ ಹಾಗೆಯೇ, ನಲವತ್ತಕ್ಕೆ ಮುಪ್ಪು ಎಂದು ಅವಳು ಬಹಳ ಸಹಜವಾಗಿ ಹೇಳಿದಳು. ನಮ್ಮ ಮಾವ ಅರವತ್ತು ದಾಟಿಯೂ ಉಳಿ ಹಿಡಿದರೆ ಕೈ ನಡುಗುವುದಿಲ್ಲ. ಊರಲ್ಲಿ ನಾವು ಬಾಳನ್ನು ಹಂಚುವುದು ಹೇಗೆ? ಹರೆಯದಲ್ಲಿ ದುಡಿಮೆ, ನಡುವಯಸ್ಸಿನಲ್ಲಿ ಮಕ್ಕಳ ಮದುವೆ, ಆಮೇಲೆ ಮೊಮ್ಮಕ್ಕಳು, ನಿಧಾನವಾಗಿ ಕಟ್ಟೆಯ ಮೇಲೆ ಕೂರುವುದು. ಕೂಡಿಡುವುದೂ ಅದೇ ನಿಧಾನದಲ್ಲಿ. ಇಲ್ಲಿ ಅದೆಲ್ಲವೂ ಅರ್ಧ ದಾರಿಯಲ್ಲೇ ಮುಗಿಯಬೇಕು.

ಅಂಜಲೈಯಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳ ಗಂಡ ಮುನುಸಾಮಿ ಬಂಡೆಗೆ ತೂತು ಕೊರೆಯುವವನು, ಮೃದು ಮಾತಿನ ಮನುಷ್ಯ. ಸಂಬಳದ ದಿನ ಮಾತ್ರ ಸಾರಾಯಿ ಅಂಗಡಿಯ ದಾರಿ ಹಿಡಿಯುತ್ತಿದ್ದ. ಅವಳು ಶಾಫ್ಟಿನ ಬಾಯಿಗೇ ಹೋಗಿ ನಿಂತು ತನ್ನ ಪಾಲು ಈಸಿಕೊಂಡು ಬರುತ್ತಿದ್ದಳು. ನಮ್ಮ ಮಗ ಹುಟ್ಟಿದಾಗ ನಾನು ಸಂಭ್ರಮದಿಂದ ಹೇಳಿದೆ, “ಅಕ್ಕಾ, ಇನ್ನು ಸ್ವಲ್ಪ ಸ್ವಲ್ಪ ಚಿನ್ನ ಮಾಡಿಸಿಡಬೇಕು.” ನಮ್ಮಲ್ಲಿ ಉಳಿತಾಯ ಎಂದರೆ ಅದೇ ತಾನೆ?

“ಈ ಊರಲ್ಲಿ ಚಿನ್ನ ಯಾಕೆ?” ಎಂದಳು. “ಮೂಗುಬೊಟ್ಟು ಸ್ವಲ್ಪ ದೊಡ್ಡದಾದ್ರೆ ಎಲ್ಲಿಂದ ಬಂತು ಅಂತ ಗಣಿಯವರು ಕೇಳ್ತಾರೆ. ಅದೂ ಇರಲಿ, ಚಿನ್ನ ಕರು ಆಕ್ತದಾ?”

ಆಮೇಲೆ ನನ್ನ ಮಗುವಿಗೆ ಎಣ್ಣೆ ತಿಕ್ಕುತ್ತ ತನ್ನ ದಾರಿ ಹೇಳಿದಳು. ಮದುವೆಯಾದ ಹೊಸತರಲ್ಲಿ ಕೈಯಲ್ಲಿ ಕಾಸು ನಿಲ್ಲುವುದಿಲ್ಲ, ಆಗ ಚೀಟಿ ಹಾಕಬೇಕು. ಹತ್ತಾರು ಮನೆಯವರು ತಿಂಗಳು ತಿಂಗಳು ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಒಟ್ಟಿಗೆ ಎತ್ತಿಕೊಳ್ಳುವುದು. ನಾಲ್ಕು ಜನರ ಮುಂದೆ ಮಾನ ಹೋಗುತ್ತದೆಂಬ ಹೆದರಿಕೆಗಾದರೂ ಕಟ್ಟುತ್ತೇವೆ. ಮಗು ಹುಟ್ಟಿದ ಮೇಲೆ ಚೀಟಿ ಎತ್ತಿ ಹಸು ಕೊಳ್ಳಬೇಕು, ಹಳ್ಳಿಯ ನಂಬಿಕಸ್ತರ ಮನೆಯಲ್ಲಿ ಪಾಲಿಗೆ ಕಟ್ಟಬೇಕು. ಹುಲ್ಲು ಅವರದು, ಹಾಲು ಅವರದು, ಹುಟ್ಟಿದ ಕರುಗಳಲ್ಲಿ ಒಂದು ಅವರಿಗೆ, ಒಂದು ನಮಗೆ. ಹಸುಗಳು ಹೆಚ್ಚಿದ ಮೇಲೆ ನೆಲ.

“ಕೂಳು, ಚೀಟಿ, ಅಸು, ನೆಲ. ವಯಸ್ಸಿಗೆ ಒಂದೊಂದು,” ಎಂದಳು. “ಇವರಿಗೆ ಏಳ್ಬೇಡ. ಏಳಿದ್ರೆ ಅಸೂನೂ ಕುಡಿದುಬಿಡ್ತಾರೆ.”

ಒಂದು ಸಲ ನನ್ನನ್ನು ಯಲ್ಲಮ್ಮನ ಹಳ್ಳಿಗೆ ಕರೆದುಕೊಂಡು ಹೋದಳು. ಕೊಟ್ಟಿಗೆಯಲ್ಲಿ ಅವಳವೇ ಎರಡು ಹಸು, ಇನ್ನೂ ಕರು ಹಾಕದ ಒಂದು ಪಡ್ಡೆ, ಒಂದು ಎಳೆಗರು. ಅವುಗಳ ಮೈ ಸವರುತ್ತ ಅವಳು ತಮಿಳಿನಲ್ಲಿ ಏನೋ ಮಾತಾಡುತ್ತಿದ್ದಳು. ಗಂಡ ಸಾಯುವ ದಿನಕ್ಕೆಂದು ಇಷ್ಟು ತಣ್ಣಗೆ ಸಿದ್ಧವಾಗಿರುವ ಹೆಂಗಸನ್ನು ನಾನು ಕಂಡಿರಲಿಲ್ಲ. ಮೆಚ್ಚಿಗೆಯೂ ಆಯಿತು, ಒಳಗೊಳಗೇ ಅಂಜಿಕೆಯೂ ಆಯಿತು. ಮನೆಗೆ ಬಂದು ನಮ್ಮವರಿಗೆ ಹೇಳಿದರೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದದ್ದೆಲ್ಲ ಊರಿಗೆ, ಅವರ ತಂದೆಯ ಕೈಗೆ ಹೋಗುತ್ತಿತ್ತು. “ಅಪ್ಪ ಏನರೆ ಛಲೋನ ಮಾಡಿರ್ತಾನ. ನಾವು ಇಲ್ಲೇನು ಬೇರು ಬಿಡಾಕ ಬಂದೀವೇನು?” ಎಂದರು.

ಮಗ ನಡೆಯಲು ಕಲಿತ ವರ್ಷ, ಒಂದು ಮಧ್ಯಾಹ್ನ ದೊಡ್ಡ ಸಿಡಿತವಾಯಿತು. ಅಷ್ಟು ಹೊತ್ತಿಗೆ ನನಗೂ ರೂಢಿಯಾಗಿತ್ತು. ಉಳಿದವರಂತೆ ನಾನೂ ಬೀದಿಗೆ ಬಂದು ಗಾಲಿಯ ಕಡೆ ಮುಖ ಮಾಡಿ ನಿಂತೆ. ನಮ್ಮವರು ಕೆಳಗಿದ್ದರು, ಮುನುಸಾಮಿಯೂ ಕೆಳಗಿದ್ದ. ಗಾಲಿ ನಿಂತೇ ಇತ್ತು. ಪಕ್ಕಕ್ಕೆ ಕೈ ಚಾಚಿದೆ, ಇಂಥ ಹೊತ್ತಿನಲ್ಲಿ ಅಂಜಲೈಯಕ್ಕನ ಕೈ ಹಿಡಿಯುವುದು ಅಭ್ಯಾಸವಾಗಿತ್ತು. ಕೈ ಸಿಗಲಿಲ್ಲ.

ಲೈನಿನ ಕೊನೆಯಲ್ಲಿ ಒಂದು ಹಳೆಯ ಇಟ್ಟಿಗೆ ಗೋಡೆಯಿತ್ತು. ಛಾವಣಿ ಹೋಗಿ ಗೋಡೆ ಮಾತ್ರ ಉಳಿದದ್ದು. ಅದರ ಮೇಲೆ ಬೆರಣಿ ತಟ್ಟುತ್ತಿದ್ದಳು ಅವಳು. ಆ ಕಡೆಯಿಂದ ಯಾರೋ ಕಿರುಚಿದರು. ನಾವೆಲ್ಲ ಗಾಲಿಗೆ ಬೆನ್ನು ತಿರುಗಿಸಿ ಓಡಿದೆವು. ಗೋಡೆ ಇರಲಿಲ್ಲ. ಕೆಂಪು ದೂಳು ಏಳುತ್ತಿತ್ತು. ಇಟ್ಟಿಗೆಗಳ ನಡುವೆ ಬಳೆ ತೊಟ್ಟ ಕೈ, ಅಂಗೈಯಲ್ಲಿ ಇನ್ನೂ ಹಸಿ ಸಗಣಿ.

ಕೆಳಗೆ ಯಾರಿಗೂ ಏನೂ ಆಗಿರಲಿಲ್ಲ. ಗಾಲಿ ತಿರುಗಿ, ಗಂಡಸರನ್ನು ಇಳಿಸಿ ಏರಿಸುವ ಕಬ್ಬಿಣದ ಕೇಜು ಮೇಲೆ ಬಂದಾಗ ಮುನುಸಾಮಿ ನಮ್ಮವರ ಜೊತೆಯಲ್ಲೇ ಇಳಿದನಂತೆ. ತನ್ನನ್ನು ನೋಡಲು ಅವಳು ಬಂದಿಲ್ಲವೆಂದು ಆಚೆ ಈಚೆ ನೋಡಿದನಂತೆ. ಲೈನಿಗೆ ಬಂದು ಜನ ದಾರಿ ಬಿಟ್ಟಾಗ, “ಯಾರು? ಯಾರು ಹೋಗಿದ್ದು?” ಎಂದು ನನ್ನನ್ನೇ ಕೇಳಿದ. ನೆಲದೊಳಗೆ ಇಳಿದವನು ಬದುಕಿ ಬಂದಿದ್ದಾನೆ, ಬಿಸಿಲಲ್ಲಿ ನಿಂತವಳು ಹೋಗಿದ್ದಾಳೆ. ಇದಕ್ಕೆ ಯಾರೂ ಏನನ್ನೂ ಸಿದ್ಧಮಾಡಿ ಇಟ್ಟಿರಲಿಲ್ಲ. ಸತ್ತರೆ ರೊಕ್ಕ ಯಾರಿಗೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಕರ್ಮಗಳು ಮುಗಿದ ಮೇಲೆ ಒಂದು ಬೆಳಿಗ್ಗೆ ಬೀದಿಯಲ್ಲಿ ಗಂಟೆಯ ಸದ್ದು ಕೇಳಿ ಹೊರಗೆ ಬಂದೆ. ಯಲ್ಲಮ್ಮ ಮತ್ತು ಅವಳ ಗಂಡ ನಾಲ್ಕು ದನಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಹಳ್ಳಿಯಿಂದ ನಡೆದೇ ಬಂದಿದ್ದರು. ಮುನುಸಾಮಿಯ ಬಾಗಿಲಲ್ಲಿ ನಿಲ್ಲಿಸಿದರು.

“ಇವು ನಿಮ್ಮವು ಮುನುಸಾಮಣ್ಣೋ,” ಎಂದಳು ಯಲ್ಲಮ್ಮ. “ಅಂಜಲೈ ಕಟ್ಟಿದ್ಲು. ನಮ್ ಪಾಲು ನಾವು ಇಟ್ಕಂಡಿದೀವಿ. ಇವಿಷ್ಟೂ ನಿಮ್ದೇ.”

ಮುನುಸಾಮಿಗೆ ಅರ್ಥವೇ ಆಗಲಿಲ್ಲ. ನಾನು ಹೋಗಿ, ನನಗೆ ತಿಳಿದಷ್ಟನ್ನು ಹೇಳಿದೆ. ಚೀಟಿ, ಹಸು, ಪಾಲು ಎಲ್ಲವನ್ನೂ. ಕೇಳುತ್ತ ಕೇಳುತ್ತ ಅವನ ಮುಖ ಕಪ್ಪಿಟ್ಟಿತು. ನಾನು ಅಳು ನಿರೀಕ್ಷಿಸಿದ್ದೆ. ಬಂದದ್ದು ಸಿಟ್ಟು.

“ಅಷ್ಟು ವರ್ಷದಿಂದಾನಾ?” ಎಂದ. “ನಂಜೊತೆ ಒಂದೇ ತಟ್ಟೇಲಿ ಉಂಡುಕೊಂಡು, ನಾನು ಸಾಯೋ ದಿನಕ್ಕೆ ಇವನ್ನ ಮೇಯಿಸ್ತಾ ಇದ್ಲಾ? ದಿನಾ ನನ್ನ ಎಣ ಎತ್ತಿ ನೋಡ್ತಾ ಇದ್ಲಾ? ಹೊಡ್ಕೊಂಡೋಗಿ ಇವನ್ನ. ನಂಗೆ ಬೇಡ.”

ನಾನು ತಲೆ ತಗ್ಗಿಸಿದೆ. ನಾನೂ ಅವಳನ್ನು ಹಾಗೆಯೇ ಅರ್ಥ ಮಾಡಿಕೊಂಡಿದ್ದೆನಲ್ಲ.

ಯಲ್ಲಮ್ಮ ಹಗ್ಗ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಅವಳ ದನಿ ಏರಿತು.

“ಏನ್ ಮಾತು ಆಡ್ತೀಯಣ್ಣೋ? ನೀನು ಸತ್ತ ಮ್ಯಾಕೆ ಅಂತ ಯಾರ್ ಏಳಿದ್ರು ನಿಂಗೆ? ‘ಇನ್ನೊಂದು ಪಡ್ಡೆ ಆಗ್ಲಿ ಯಲ್ಲಮ್ಮ, ನಿಮ್ ಒಲದ ಪಕ್ಕದಾಗೆ ಅರ್ಧ ಎಕರೆ ಕೊಡ್ಸು, ಇವರ್ನ ಗಣಿಯಿಂದ ಮ್ಯಾಕೆ ಎತ್ಕಂಡ್ ಬತ್ತೀನಿ’ ಅಂತಿದ್ಲು. ‘ನಮ್ಮಣ್ಣನ ಎದೆ ನೋಡಿದೀನಿ, ಇವರ್ದು ಅಂಗಾಗಾಕ್ ಬಿಡಾಕಿಲ್ಲ’ ಅಂತಿದ್ಲು. ಬದುಕಿರೋನಿಗೆ ಕಣಣ್ಣೋ ಇವು, ಸತ್ತೋನಿಗಲ್ಲ.”

ಮುನುಸಾಮಿ ಹಾಗೇ ಬಾಗಿಲ ಕಲ್ಲಿನ ಮೇಲೆ ಕುಸಿದ. ದೊಡ್ಡ ಹಸು ಮುಂದೆ ಬಂದು ಅವನ ಅಂಗಿಯ ತೋಳನ್ನು ಮೂಸಿತು. ಅವಳ ಸೀರೆಯ ವಾಸನೆ ಆ ಮನೆಯ ಬಟ್ಟೆಗಳಲ್ಲಿ ಇನ್ನೂ ಇತ್ತೇನೋ. ಅವನು ಅದರ ಕೊರಳನ್ನು ಎರಡೂ ಕೈಯಿಂದ ತಬ್ಬಿ, ಹೆಂಡತಿಯ ಹೆಣದ ಮುಂದೆ ಅಳದಿದ್ದ ಅಳುವನ್ನೆಲ್ಲ ಅತ್ತ.

ಆ ತಿಂಗಳ ಸಂಬಳ ತೆಗೆದುಕೊಂಡು ಅವನು ಗಣಿ ಬಿಟ್ಟ. ಯಲ್ಲಮ್ಮನ ಹಳ್ಳಿಯಲ್ಲಿ ಗುಡಿಸಲು ಹಾಕಿಕೊಂಡ. ಈಗ ಗಣಿಯೂರಿನ ಒಂದು ತುದಿಯ ಮೈಸೂರು ಮೈನ್ಸಿನಿಂದ ಇನ್ನೊಂದು ತುದಿಯ ಕೋರಮಂಡಲ್‌ವರೆಗೆ ಲೈನುಗಳಿಗೆ ಹಾಲು ತರುವವನು ಅವನೇ. ಕೆಮ್ಮು ಪೂರ್ತಿ ಬಿಟ್ಟಿಲ್ಲ. ಆದರೆ ಅಂಜಲೈಯಕ್ಕನ ಅಣ್ಣನಿಗೆ ಬಂದ ಸ್ಥಿತಿ ಅವನಿಗೆ ಬರಲಿಲ್ಲ. ಆ ಅಣ್ಣ ಮುಂದಿನ ಚಳಿಗಾಲ ದಾಟಲಿಲ್ಲ. ಮುನುಸಾಮಿ ಸಾರಾಯಿಯನ್ನು ಒಂದೇ ಸಲಕ್ಕೆ ಬಿಟ್ಟನೆಂದು ಬರೆದರೆ ಸುಳ್ಳಾಗುತ್ತದೆ. ಹಸುಗಳನ್ನಂತೂ ಕುಡಿಯಲಿಲ್ಲ.

ದನಗಳು ಬಂದ ದಿನ ಸಂಜೆ ನಮ್ಮವರು ಊಟಕ್ಕೆ ಕೂತು ತುತ್ತು ಎತ್ತಲಿಲ್ಲ. ನಾನೇ ಕೇಳಿದೆ. ಅಲ್ಲಿಯವರೆಗೆ ಕೇಳದೇ ಇದ್ದ ಪ್ರಶ್ನೆ.

“ನೀವು ಇನ್ನ ಎಷ್ಟು ವರ್ಷ ಕೆಳಗ ಇಳೀತೀರಿ?”

“ಯಾಕ?”

“ಒಂದು ಗಡುವು ಹಾಕೂಣು. ನೀವು ಹೇಳ್ರಿ. ಅದಕ್ಕ ತಕ್ಕ ನಾ ಕೂಡಸ್ತೀನಿ.”

ಮಗನ ಕಡೆ ನೋಡಿದರು. “ಅಂವಾ ಸಾಲಿಗೆ ಹೋಗೂ ಹೊತ್ತಿಗೆ ಮ್ಯಾಲ ಬರ್ತೀನಿ,” ಎಂದರು. ಅಷ್ಟೇ ಮಾತು. ಮರುದಿನ ನಾನು ಚೀಟಿಗೆ ಸೇರಿದೆ. ಊರಿಗೆ ಹೋಗುತ್ತಿದ್ದ ಹಣ ಅರ್ಧವಾಯಿತು. ಮಾವನಿಗೆ ಅದು ಹಿಡಿಸಲಿಲ್ಲವೆಂದು ಬಂದವರಿಂದ ಕೇಳಿದೆವು. ಚೀಟಿಯ ಸರದಿ ಬಂದಾಗ ಹಸು ಕೊಂಡೆ, ಯಲ್ಲಮ್ಮನ ಕೊಟ್ಟಿಗೆಯಲ್ಲೇ ಕಟ್ಟಿದೆ. ಒಂದು ಕರು ರೋಗ ಬಂದು ಸತ್ತಿತು. ಒಂದು ಚೀಟಿ ನಡುವೆಯೇ ಮುರಿಯಿತು. ಅಂಜಲೈಯಕ್ಕ ಹೇಳಿದಷ್ಟು ನೇರವಾಗಿ ಯಾವುದೂ ನಡೆಯಲಿಲ್ಲ. ಮಗ ಶಾಲೆಗೆ ಸೇರಿ ಒಂದು ವರ್ಷ ಕಳೆದ ಮೇಲೆ ನಮ್ಮವರು ಮೇಲೆ ಬಂದರು. ಬಂಗಾರಪೇಟೆಯ ಸಂತೆ ಬೀದಿಯ ಹತ್ತಿರ ಒಂದು ಮಾಡಿನ ಕೆಳಗೆ ಗಾಡಿ ಗಾಲಿ, ಮಂಚ, ನೇಗಿಲು ಮಾಡುತ್ತಾರೆ. ಯಲ್ಲಮ್ಮನ ಹಳ್ಳಿಯ ಅಂಚಿನಲ್ಲಿ ನಮಗೂ ಸ್ವಲ್ಪ ನೆಲವಾಗಿದೆ. ನಮ್ಮವರ ಅಂಗಿಯಲ್ಲಿ ಮರದ ಹೊಟ್ಟು ಕಂಡ ದಿನ ನಾನು ಅದನ್ನು ಕೊಡವದೆ ಹಾಗೇ ಗೂಟಕ್ಕೆ ಹಾಕಿದೆ.

ಆಮೇಲೆ ಊರಿಗೆ ಹೋದೆವು, ಅದನ್ನು ಬಿಟ್ಟು ಬಂದ ಬಹಳ ವರ್ಷಗಳ ಮೇಲೆ. ಮಾವ ಸಿಟ್ಟು ಮರೆತು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಮಗ “ತಾತಾ, ಅಲ್ಲಿಗೋಗಣ” ಎಂದಾಗ ಮನೆಮಂದಿಯೆಲ್ಲ ನಕ್ಕರು. ಎರಡನೆಯ ದಿನ ಮಾವ ನಮ್ಮಿಬ್ಬರನ್ನೂ ಊರ ಹೊರಗೆ ಕರೆದುಕೊಂಡು ಹೋದರು. ನಾವು ಕಳಿಸಿದ ಹಣದಿಂದ ಕೊಂಡ ಜಾಗ ತೋರಿಸುತ್ತೇನೆಂದರು. ಕಾರ್ಖಾನೆಗೆ ಜಾಗ ಹಿಡಿದಿದ್ದಾರೆಂದು ನಾನು ಹಿಗ್ಗಿದೆ.

ಕರಿಯ ನೆಲದ ಸಣ್ಣ ಪಟ್ಟಿ. ಒಂದು ಮೂಲೆಯಲ್ಲಿ, ನಾವು ಗಣಿಯಲ್ಲಿದ್ದಾಗ ತೀರಿಕೊಂಡ ಅತ್ತೆಯ ಗೋರಿ. ನಮ್ಮಲ್ಲಿ ಹೂಳುವ ಪದ್ಧತಿ. ಮಾವ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. “ಇದು ನಂದು. ಇಲ್ಲೆ ನೀವಿಬ್ಬರು. ಎಲ್ಲೇ ದುಡೀರಿ, ಕಡೀಕ ಇಲ್ಲಿಗೇ ಬರಬೇಕಲಾ? ಅದಕ ಮೊದಲ ಹಿಡದಿಟ್ಟೀನಿ. ಮಂದಿ ಜಾಗಾದಾಗ ನನ್ನ ಮಗ ಮಲಗಬಾರದು.”

ಸುರಂಗದಲ್ಲಿ ಬಗ್ಗಿ ನಿಂತು ಗಳಿಸಿದ ಆ ವರ್ಷಗಳ ದುಡ್ಡೆಲ್ಲ ಮತ್ತೆ ನೆಲದೊಳಗೇ ಹೋಗಿತ್ತು. ಅದೂ ಪ್ರೀತಿಯಿಂದ. ಮಾವನ ಕಣ್ಣಲ್ಲಿ ನೀರಿತ್ತು. ನಮ್ಮವರು ಒಮ್ಮೆ ಆ ಗೆರೆಯನ್ನು, ಒಮ್ಮೆ ತಂದೆಯನ್ನು ನೋಡಿದರು.

“ಅಪ್ಪಾ,” ಎಂದರು ಮೆಲ್ಲಗೆ, “ಈಗಷ್ಟ ಮ್ಯಾಲ ಬಂದೀನಿ. ಮತ್ತ ಇಳಸಬ್ಯಾಡ.”

ಮಾವನಿಗೆ ಅದು ಪೂರ್ತಿ ಅರ್ಥವಾಗಲಿಲ್ಲ, ನೋವು ಮಾತ್ರ ಆಯಿತು. “ಹಂಗಾರ ನಿಮ್ಮೂರು ಯಾವುದು? ಆ ಊರೇನು?” ಎಂದು ಕೇಳಿದರು. ನಮ್ಮವರು ನನ್ನತ್ತ ನೋಡಿದರು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಅಲ್ಲ ಎನ್ನಲೂ ಬರಲಿಲ್ಲ.

“ಜಾಗಾ ಇರಲಿರಿ ಮಾವಾ,” ಎಂದೆ. “ಆದರ ಬೀಳು ಬಿಡಬ್ಯಾಡ್ರಿ. ಜೋಳ ಬಿತ್ತಸ್ರಿ.”

ಅವರು ಕೋಲು ಊರಿಕೊಂಡು ಮನೆಯ ಕಡೆ ನಡೆದುಬಿಟ್ಟರು. ಆದರೆ ಬಿತ್ತಿಸಿದರು. ಈಗ ಸುಗ್ಗಿ ಮುಗಿದ ಮೇಲೆ ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಒಂದು ಸಣ್ಣ ಚೀಲ ಜೋಳ ಬರುತ್ತದೆ. ಅವತ್ತು ನಾನು ರೊಟ್ಟಿ ಬಡಿಯುತ್ತೇನೆ. ಸದ್ದು ಕೇಳಿ ಅಕ್ಕಪಕ್ಕದ ಹೆಂಗಸರು ಇದೇನು ಎಂದು ಬಂದು ನೋಡುತ್ತಾರೆ. ಮಗ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, “ಅಮ್ಮಾ, ನಂಗೆ ಮುದ್ದೆ ಇಕ್ಕು,” ಎನ್ನುತ್ತಾನೆ. ಅವನಿಗೆ ಮುದ್ದೆ ಬಡಿಸುತ್ತೇನೆ. ರೊಟ್ಟಿಯನ್ನು ನಾವಿಬ್ಬರೇ, ನಮ್ಮವರು ಮತ್ತು ನಾನು, ಎದುರು ಬದುರು ಕೂತು ತಿನ್ನುತ್ತೇವೆ.